ಮಲಾಶಯದ ಕ್ಯಾನ್ಸರೂ ಗುದದ್ವಾರದ ರಕ್ಷಣೆಯೂ

ಮನೆಮಂದಿಯೆಲ್ಲರ ಕೈಗೂ ಹೋಗುವ ಮಾಸಪತ್ರಿಕೆಯಲ್ಲಿ ಇಂತಹ ವಿಷಯವನ್ನೆತ್ತುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಸಕ್ಕರೆಯ ಬೇನೆ, ಮಂಡಿಯ ನೋವು, ಹೃದಯದ ದೌರ್ಬಲ್ಯ ಇವುಗಳನ್ನು ಜಗಲಿಯ ಮೇಲೆ ಕುಳಿತು ಹತ್ತು ಜನರೆದುರಿಗೆ ವರ್ಣಿಸುವುದಕ್ಕೆ ನಮ್ಮವರು ನಾಚುವುದಿಲ್ಲ. ಕೆಲವರಿಗೆ ಅದೊಂದು ಸಂತೋಷವೂ ಹೌದು. ಆದರೆ ಗುದಸ್ಥಾನದ ಬೇನೆಯನ್ನು ಕೈಹಿಡಿದ ಹೆಂಡತಿಗೂ ತಿಳಿಸದೆ ತಿಂಗಳುಗಟ್ಟಲೆ ನುಂಗಿಕೊಂಡಿದ್ದವರನ್ನು ನಾವು ಬಲ್ಲೆವು. ಮಲದೊಡನೆ ರಕ್ತ ಬಿದ್ದರೆ ‘ಮೂಲವ್ಯಾಧಿ, ಉಷ್ಣವಾಗಿದೆ’ ಎಂದು ತಾವೇ ನಿಶ್ಚಯಿಸಿಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುವರು. ಅವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿಯೇ ಎಂಬುದೇನೋ ನಿಜ. ಆದರೆ ಉಳಿದ ಕೆಲವರಿಗೆ ಈ ಮೌನದಲ್ಲಿ ಕಳೆದುಹೋಗುವ ಆರು ತಿಂಗಳೋ ವರ್ಷವೋ ಬಹಳ ದುಬಾರಿಯಾದದ್ದು. ಆದುದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿರುವೆವು. ವಾಚಕರೂ ಹಾಗೆಯೇ ಓದಬೇಕೆಂದು ಪ್ರಾರ್ಥನೆ.

ಸಂಕೋಚವು ನಮ್ಮ ಪೂರ್ವಿಕರಿಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಶೋರೋಗವನ್ನು ಹೇಳುವ ಸಂದರ್ಭದಲ್ಲಿ ಗುದದ ರಚನೆಯು ಸ್ಪಷ್ಟವಾಗಿ ವರ್ಣಿತವಾಗಿದೆ. ದೊಡ್ಡ ಕರುಳಿನ ಕೊನೆಗೆ ಹೊಂದಿಕೊಂಡು ನಾಲ್ಕೂವರೆ ಅಂಗುಲ ಪ್ರಮಾಣದ್ದು ಗುದ. ಅದರೊಳಗೆ ಶಂಖದ ಸುತ್ತುಗಳಂತೆ ಒಂದರ ಮೇಲೊಂದಾಗಿ ಮೂರು ವಲಿಗಳು. ಅವುಗಳ ಬಣ್ಣ ಆನೆಯ ಅಂಗುಳಿನಂತೆ. ವಲಿಗಳ ಹೆಸರುಗಳು ಪ್ರವಾಹಣೀ, ವಿಸರ್ಜನೀ, ಸಂವರಣೀ. ಮುಂದಕ್ಕೆ ನೂಕುವುದು ಒಂದು, ಹೊರಕ್ಕೆ ಬಿಡುವುದು ಒಂದು, ಮುಚ್ಚಿಕೊಳ್ಳುವುದು ಒಂದು. ಇಂದಿನ ಶಾರೀರಶಾಸ್ತ್ರದ ಚಿತ್ರಕ್ಕೆ ಇದು ಅಕ್ಷರಶಃ ಹೊಂದುವುದೆಂದು ವಾದಿಸುವ ಪಂಡಿತರ ಹಟ ನಮಗಿಲ್ಲ. ಆದರೆ ಅಂಗಕ್ಕೆ ಆಕಾರದಿಂದಲ್ಲದೆ ಕೆಲಸದಿಂದ ಹೆಸರಿಟ್ಟ ಆ ದೃಷ್ಟಿಯು ಮುಂದೆ ಹೇಳಲಿರುವ ಮಾತಿಗೆ ಬಹಳ ಉಪಕಾರಿಯಾದದ್ದು. ಗುದವನ್ನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಒಂದೆಂದು ಎಣಿಸಿರುವುದನ್ನೂ ಇಲ್ಲಿ ನೆನೆಯಬಹುದು.

ದೊಡ್ಡ ಕರುಳಿನ ಕೊನೆಯ ಹನ್ನೆರಡರಿಂದ ಹದಿನೈದು ಸೆಂಟಿಮೀಟರು ಭಾಗಕ್ಕೆ ಮಲಾಶಯವೆಂದು ಹೆಸರು. ಅದರ ಕೆಳಗೆ ಮೂರು ನಾಲ್ಕು ಸೆಂಟಿಮೀಟರಿನ ಗುದನಾಳ. ಈ ನಾಳವನ್ನು ಎರಡು ಉಂಗುರಗಳು ಸುತ್ತಿಕೊಂಡಿವೆ. ಒಳಗಿನ ಉಂಗುರವು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ನಾವು ನಿದ್ರೆಯಲ್ಲಿದ್ದಾಗಲೂ ಅದು ಬಿಗಿದುಕೊಂಡೇ ಕಾವಲಿರುವುದು. ಹೊರಗಿನದು ನಮ್ಮ ಆಜ್ಞೆಯನ್ನು ಕೇಳುವ ಸ್ನಾಯು. ಸಭೆಯ ನಡುವೆ, ಬಸ್ಸಿನಲ್ಲಿ, ಪೂಜೆಯ ವೇಳೆಯಲ್ಲಿ ‘ಸ್ವಲ್ಪ ತಾಳು’ ಎಂದರೆ ತಾಳುವುದು ಅದೇ. ಇವೆರಡಕ್ಕೂ ಕೂಡಿ ಸಂಕೋಚಕ ಸ್ನಾಯುಗಳೆಂದು ಹೆಸರು. ಆದರೆ ಕಾವಲುಗಾರರು ಮಾತ್ರ ಇದ್ದರೆ ಸಾಲದು, ಕಣಜವೂ ಬೇಕು. ಮಲಾಶಯವು ಹಿಗ್ಗುವ ಕಣಜ. ತುಂಬುತ್ತ ಬಂದರೂ ಒತ್ತಡವನ್ನು ಏರಗೊಡದೆ, ಗಂಟೆಗಟ್ಟಲೆ ಸುಮ್ಮನಿರಬಲ್ಲದು. ಇದಕ್ಕಿಂತಲೂ ಸೋಜಿಗವಾದದ್ದು ಇನ್ನೊಂದುಂಟು. ಮಲಾಶಯಕ್ಕೆ ಏನಾದರೂ ಬಂದಿಳಿದಾಗ ಒಳಗಿನ ಉಂಗುರವು ಕ್ಷಣಕಾಲ ಸಡಿಲಿ, ಬಂದದ್ದು ವಾಯುವೋ ದ್ರವವೋ ಘನವೋ ಎಂಬುದನ್ನು ಗುದನಾಳದ ಸೂಕ್ಷ್ಮ ಚರ್ಮಕ್ಕೆ ಮುಟ್ಟಿಸಿ ತೋರಿಸಿ, ಮತ್ತೆ ಮುಚ್ಚಿಕೊಳ್ಳುವುದು. ದಿನಕ್ಕೆ ಎಷ್ಟೋ ಸಲ ನಮಗೆ ತಿಳಿಯದಂತೆಯೇ ನಡೆಯುವ ಈ ಪರೀಕ್ಷೆಯಿಂದಲೇ ನಾವು ಸಭ್ಯರಾಗಿ ಬದುಕುತ್ತಿರುವೆವು. ಕಳೆದುಹೋಗುವವರೆಗೂ ಇದರ ಬೆಲೆ ಯಾರಿಗೂ ತಿಳಿಯುವುದಿಲ್ಲ.

ಈ ಮಲಾಶಯದಲ್ಲಿ ಕ್ಯಾನ್ಸರ್ ಹುಟ್ಟಿದರೆ ಅದನ್ನು ಕತ್ತರಿಸಿ ತೆಗೆಯಬೇಕಷ್ಟೆ. ಕ್ಯಾನ್ಸರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಏಡಿ. ಆ ಹೆಸರನ್ನು ಕೇಳಿದಾಗಲೆಲ್ಲ ನಮಗೆ ಕರ್ಕಟಕ ಶಬ್ದವು ನೆನಪಾಗುವುದು, ಇರಲಿ. 1826ರಲ್ಲಿ ಫ್ರಾನ್ಸಿನ ಲಿಸ್‌ಫ್ರಾಂಕ್ ಎಂಬವರು ಕೆಳಗಿನಿಂದಲೇ ಕೊಯ್ದು ಗಡ್ಡೆಯನ್ನು ತೆಗೆದರು. ಅರಿವಳಿಕೆಯೂ ಇಲ್ಲದಿದ್ದ ಕಾಲವದು. ಇಂತಹ ಶಸ್ತ್ರಕ್ರಿಯೆಗಳಿಂದ ರೋಗಿಯು ಬದುಕಿ ಎದ್ದರೂ ರೋಗವು ಮರಳಿ ಬರುತ್ತಿದ್ದಿತು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರು ತಾವು ಹಾಗೆ ಚಿಕಿತ್ಸೆ ಮಾಡಿದ 57 ಮಂದಿಯ ಗತಿಯನ್ನು ಹುಡುಕಿ ನೋಡಿದಾಗ 54 ಮಂದಿಗೆ ರೋಗವು ಮರುಕಳಿಸಿದ್ದುದು ಕಂಡುಬಂದಿತು. ತಮ್ಮ ಕೈಯ ಕೆಲಸದ ಲೆಕ್ಕವನ್ನು ಹೀಗೆ ನಿಷ್ಠುರವಾಗಿ ತೆಗೆಯುವ ವೈದ್ಯರು ಯಾವ ಕಾಲದಲ್ಲಿಯೂ ವಿರಳ. ಕ್ಯಾನ್ಸರು ಮೇಲಕ್ಕೆ, ಪಕ್ಕಕ್ಕೆ, ಕೆಳಕ್ಕೆ, ಹೀಗೆ ಮೂರು ದಿಕ್ಕಿಗೂ ಹರಡುವುದೆಂದು ಅವರು ತೀರ್ಮಾನಿಸಿ, 1908ರಲ್ಲಿ ಹೊಟ್ಟೆಯ ಮೇಲಿನಿಂದಲೂ ಕೆಳಗಿನಿಂದಲೂ ಕೊಯ್ದು ಮಲಾಶಯ, ಗುದನಾಳ, ಸಂಕೋಚಕ ಸ್ನಾಯು ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕುವ ಕ್ರಮವನ್ನು ಪ್ರಕಟಿಸಿದರು. ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದ ಚರ್ಮಕ್ಕೆ ತಂದು ಹೊಲಿದು, ಅಲ್ಲಿಂದಲೇ ಜೀವಮಾನವೆಲ್ಲ ಮಲವಿಸರ್ಜನೆ. ಇದಕ್ಕೆ ವೈದ್ಯರು ಸ್ಟೋಮಾ ಎನ್ನುವರು. ಗ್ರೀಕಿನಲ್ಲಿ ಬಾಯಿ ಎಂದರ್ಥ. ಮೈಲ್ಸರ ಮೊದಲ 12 ಮಂದಿಯಲ್ಲಿ 5 ಮಂದಿ ಶಸ್ತ್ರಕ್ರಿಯೆಯಿಂದಲೇ ತೀರಿಕೊಂಡರು. ಆದರೂ ಉಳಿದವರು ನಿಜವಾಗಿ ಉಳಿದುದರಿಂದ ಆ ಕ್ರಮವು ಮುಂದಿನ ಹಲವು ದಶಕಗಳ ಕಾಲ ಪ್ರಮಾಣವಾಗಿ ನಿಂತಿತು. ಜೀವ ಬೇಕಾದರೆ ದ್ವಾರವನ್ನು ಕೊಡಬೇಕು. ಅದೇ ಆಗಿನ ವ್ಯಾಪಾರ.

ಈ ವ್ಯಾಪಾರವು ಬದಲಾದುದು ಒಬ್ಬರಿಂದಲ್ಲ, ಒಂದು ದಿನದಲ್ಲಿಯೂ ಅಲ್ಲ. ಮೊದಲನೆಯದಾಗಿ, ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಮಲಾಶಯಗಳನ್ನು ವರ್ಷಗಟ್ಟಲೆ ಕೂಡಿಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಡ್ಯೂಕ್ಸ್ ಮೊದಲಾದವರು, ಕ್ಯಾನ್ಸರು ಕೆಳಮುಖವಾಗಿ ಹರಡುವುದು ಬಹಳ ಅಪರೂಪವೆಂಬುದನ್ನು ತೋರಿಸಿಕೊಟ್ಟರು. 1951ರಲ್ಲಿ ಹೊರಬಂದ ಅವರ ಲೆಕ್ಕದಲ್ಲಿ ಗಡ್ಡೆಯ ಕೆಳಗೆ ಎರಡು ಸೆಂಟಿಮೀಟರನ್ನು ಮೀರಿ ರೋಗವಿಳಿದಿದ್ದುದು ನೂರಕ್ಕೆ ಸುಮಾರು ಎರಡರಲ್ಲಿ ಮಾತ್ರ. ಹಾಗಾದರೆ ಕೆಳಗಿನ ಕಾವಲುಗಾರರನ್ನು ಎಲ್ಲರಲ್ಲಿಯೂ ಬಲಿಗೊಡುವುದೇಕೆ? ಅಷ್ಟರೊಳಗೆ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕ್ಲಾಡ್ ಡಿಕ್ಸನ್ ಎಂಬವರು ಮಲಾಶಯದ ಮೇಲ್ಭಾಗದ ಗಡ್ಡೆಗಳನ್ನು ಹೊಟ್ಟೆಯ ಕಡೆಯಿಂದ ತೆಗೆದು, ಉಳಿದೆರಡು ತುದಿಗಳನ್ನು ಕೂಡಿಸಿ ಹೊಲಿಯುವುದನ್ನು ಧೈರ್ಯವಾಗಿ ಮಾಡುತ್ತಿದ್ದರು. 1948ರಲ್ಲಿ ಅವರು 400 ರೋಗಿಗಳ ವರದಿಯನ್ನಿತ್ತರು: ಶಸ್ತ್ರಕ್ರಿಯೆಯಿಂದ ಸತ್ತವರು ನೂರಕ್ಕೆ ಮೂರಕ್ಕಿಂತ ಕಡಿಮೆ, ಐದು ವರ್ಷ ಬದುಕಿದವರು ನೂರಕ್ಕೆ 64. ಆದರೆ ಗಡ್ಡೆಯು ಕೆಳಗಿದ್ದಷ್ಟೂ ಹೊಲಿಗೆ ಕಷ್ಟ. ಕಿರಿದಾದ ಸೊಂಟದ ಮೂಳೆಗಳ ನಡುವೆ ಬಾವಿಯ ತಳದಲ್ಲಿ ಕೈಯಿಟ್ಟು ಹೊಲಿದಂತೆ. ಈ ತೊಡಕನ್ನು ಕಳೆದುದು ಒಂದು ಯಂತ್ರ. ಸೋವಿಯೆತ್ ದೇಶದಲ್ಲಿ ಬಳಕೆಯಲ್ಲಿದ್ದ ಸ್ಟೇಪ್ಲರುಗಳನ್ನು 1958ರಲ್ಲಿ ಕಂಡ ಅಮೆರಿಕದ ರ‍್ಯಾವಿಚ್ ಎಂಬವರು ಅವನ್ನು ತಮ್ಮ ದೇಶಕ್ಕೆ ಪರಿಚಯಿಸಿದರು. 1970ರ ದಶಕದ ಕೊನೆಯ ವೇಳೆಗೆ ಗುದದ್ವಾರದಿಂದ ತೂರಿಸಿ ಕರುಳಿನ ಎರಡು ತುದಿಗಳನ್ನು ದುಂಡಗೆ ಒಮ್ಮೆಗೇ ಕೂಡಿಸಬಲ್ಲ ಉಪಕರಣವು ಎಲ್ಲೆಡೆಯೂ ಹರಡಿತು. ಕಾಗದಗಳನ್ನು ಚುಚ್ಚಿ ಕೂಡಿಸುವ ನಮ್ಮ ಶಾಲೆಯ ಸ್ಟೇಪ್ಲರಿನ ದೊಡ್ಡ ಅಣ್ಣನೆಂದುಕೊಂಡರೆ ತಪ್ಪಿಲ್ಲ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಸಾಧಾರಣ ಊರಿನ ಶಸ್ತ್ರವೈದ್ಯರಾದ ಬಿಲ್ ಹೀಲ್ಡ್ ಎಂಬವರು 1982ರಲ್ಲಿ ಒಂದು ಮಾತನ್ನು ಹೇಳಿದರು. ಮಲಾಶಯವನ್ನು ಸುತ್ತಿಕೊಂಡು ಮೇದಸ್ಸಿನ ಒಂದು ಹೊದಿಕೆಯಿರುವುದು. ರೋಗದ ಬೀಜಗಳು ಮೊದಲು ಹರಡುವುದು ಆ ಹೊದಿಕೆಯೊಳಗೆ. ವೈದ್ಯರು ಅವಸರದಿಂದ ಕೈಯಿಂದ ಕಿತ್ತಾಗ ಹೊದಿಕೆಯು ಹರಿದು ಚೂರುಗಳು ಒಳಗೆ ಉಳಿಯುವುದರಿಂದಲೇ ರೋಗವು ಅಲ್ಲಿಯೇ ಮರಳಿ ಬರುವುದು. ಆದುದರಿಂದ ಹೊದಿಕೆ ಹರಿಯದಂತೆ, ಅದರ ಹೊರಗಿನ ಸಹಜವಾದ ಸಂದಿನಲ್ಲಿಯೇ, ಕಣ್ಣಿಂದ ನೋಡುತ್ತ, ನಿಧಾನವಾಗಿ ಕತ್ತರಿಸುತ್ತ ಹೋಗಬೇಕು. ಆ ಸಂದಿಗೆ ಅವರಿಟ್ಟ ಹೆಸರು ‘ಪವಿತ್ರ ತಲ’! ಹಲಸಿನ ತೊಳೆಯನ್ನು ಹರಿಯದಂತೆ ಬಿಡಿಸಬಲ್ಲ ನಮ್ಮ ಹೆಂಗಸರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಅದೇ ಸಂದಿನ ಪಕ್ಕದಲ್ಲಿಯೇ ಮೂತ್ರಕ್ಕೂ ದಾಂಪತ್ಯಕ್ಕೂ ಸಂಬಂಧಿಸಿದ ನರಗಳು ಹಾದುಹೋಗುವುದರಿಂದ ಈ ನಿಧಾನವು ಅವುಗಳನ್ನೂ ಕಾಪಾಡುವುದು. ಹಿಂದೆ ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಸ್ಥಳೀಯ ಮರುಕಳಿಕೆಯು ಹೀಲ್ಡರ ಕೈಯಲ್ಲಿ ಐದಕ್ಕಿಂತ ಕೆಳಗಿಳಿಯಿತು.

ಇದಕ್ಕೆ ವಿಕಿರಣವೂ ಜೊತೆಗೂಡಿತು. ಶಸ್ತ್ರಕ್ರಿಯೆಗೆ ಮೊದಲು ಐದು ದಿನ ವಿಕಿರಣವನ್ನು ಕೊಟ್ಟರೆ ಮರುಕಳಿಕೆಯು ನೂರಕ್ಕೆ 27ರಿಂದ 11ಕ್ಕೆ ಇಳಿಯುವುದೆಂದು ಸ್ವೀಡನ್ನಿನವರು 1997ರಲ್ಲಿ ತೋರಿಸಿದರು. ಹೀಲ್ಡರ ಕ್ರಮದಲ್ಲಿಯೇ ಶಸ್ತ್ರಕ್ರಿಯೆ ನಡೆದರೂ ವಿಕಿರಣದಿಂದ ಎರಡು ವರ್ಷಗಳ ಮರುಕಳಿಕೆಯು 8.2ರಿಂದ 2.4ಕ್ಕೆ ಇಳಿಯಿತೆಂದು ಹಾಲೆಂಡಿನವರು 2001ರಲ್ಲಿ ಹೇಳಿದರು. ಜರ್ಮನಿಯವರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಗುದದ್ವಾರವನ್ನು ತೆಗೆಯಲೇಬೇಕೆಂದು ಮೊದಲು ವೈದ್ಯರು ನಿರ್ಧರಿಸಿದ್ದ ರೋಗಿಗಳಲ್ಲಿ, ವಿಕಿರಣವನ್ನೂ ಔಷಧವನ್ನೂ ಶಸ್ತ್ರಕ್ರಿಯೆಗೆ ಮೊದಲೇ ಪಡೆದವರ ಪೈಕಿ ನೂರಕ್ಕೆ 39 ಮಂದಿಗೆ ದ್ವಾರವು ಉಳಿಯಿತು. ಅನಂತರ ಪಡೆದವರಲ್ಲಿ 19 ಮಂದಿಗೆ ಮಾತ್ರ. ಗಡ್ಡೆಯ ಕೆಳಗೆ ಐದು ಸೆಂಟಿಮೀಟರು ಆರೋಗ್ಯವಾದ ಕರುಳನ್ನು ತೆಗೆಯಬೇಕೆಂಬ ಹಳೆಯ ನಿಯಮವು ಎರಡಕ್ಕೂ, ತೀರ ಕೆಳಗಿನ ಗಡ್ಡೆಗಳಲ್ಲಿ ಒಂದಕ್ಕೂ ಇಳಿಯಿತು. ವಿಯೆನ್ನಾದ ಶೀಸೆಲ್ ಎಂಬವರಂತೂ 1994ರಲ್ಲಿ ಒಳಗಿನ ಉಂಗುರವನ್ನೇ ತೆಗೆದು ಹೊರಗಿನದನ್ನು ಮಾತ್ರ ಉಳಿಸುವ ಕ್ರಮವನ್ನು ವಿವರಿಸಿದರು.

ಇಷ್ಟನ್ನು ಓದಿದ ವಾಚಕರು ವಿಜ್ಞಾನದ ಜಯಭೇರಿಯನ್ನು ನಿರೀಕ್ಷಿಸುತ್ತಿರಬಹುದು. ರೋಗದ ಮಟ್ಟಿಗೆ ಅದು ನ್ಯಾಯವೇ. ಅಂಚುಗಳೆಲ್ಲ ರೋಗಮುಕ್ತವಾಗಿ ಬರುವಂತಿದ್ದರೆ, ದ್ವಾರವನ್ನು ಉಳಿಸಿದ ಮಾತ್ರಕ್ಕೆ ಆಯುಸ್ಸು ಕಡಿಮೆಯಾಗುವುದಿಲ್ಲವೆಂಬುದು ಈಗ ಸ್ಥಿರವಾದ ಮಾತು. ಆದರೆ ಉಳಿದ ದ್ವಾರವು ಮೊದಲಿನಂತೆ ಕೆಲಸ ಮಾಡುವುದೇ ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಸರಿಯಾಗಿ ಕೇಳಲಿಲ್ಲ. ಶಸ್ತ್ರವೈದ್ಯರು ಅಂಗವನ್ನು ಎಣಿಸಿದರು. ಅಂಗದ ಕೆಲಸವನ್ನು ಎಣಿಸಲಿಲ್ಲ. ನಾವು ಮೇಲೆ ಸುಶ್ರುತರ ಹೆಸರುಗಳನ್ನು ಹೊಗಳಿದುದು ಈ ಕಾರಣದಿಂದಲೇ: ಸಂವರಣಿಯು ಇದ್ದಲ್ಲಿಯೇ ಇದ್ದೂ ಸಂವರಣ ಮಾಡದೆ ಹೋದರೆ ಹೆಸರು ಮಾತ್ರ ಉಳಿದಂತಾಯಿತು.

ಕಣಜವು ಹೋಯಿತೆಂಬುದನ್ನು ಮರೆಯಬಾರದು. ಮಲಾಶಯದ ಸ್ಥಾನಕ್ಕೆ ಇಳಿದುಬಂದ ಮೇಲಿನ ಕರುಳು ಕಿರಿದಾದದ್ದು, ಹಿಗ್ಗಲರಿಯದು. ಬಂದದ್ದನ್ನು ಕೂಡಿಡದೆ ಮುಂದಕ್ಕೆ ನೂಕುವುದೇ ಅದರ ಹುಟ್ಟುಗುಣ. ಪ್ರವಾಹಣಿಯನ್ನು ತಂದು ಕಣಜದ ಕೆಲಸಕ್ಕೆ ಕೂರಿಸಿದಂತಾಯಿತು. ಸ್ಟೇಪ್ಲರು ತೂರುವಾಗ ಒಳಗಿನ ಉಂಗುರಕ್ಕೆ ಪೆಟ್ಟಾಗಿರಬಹುದು. ವಿಕಿರಣದಿಂದ ಅದು ಬಿರುಸಾಗಿರಬಹುದು. ವಾಯು ಯಾವುದು ಮಲ ಯಾವುದು ಎಂಬ ಆ ಸೂಕ್ಷ್ಮ ಪರೀಕ್ಷೆಯೂ ಕೆಟ್ಟಿರಬಹುದು.

ನಮ್ಮೊಡನೆ ಒಂದೇ ಶಾಲೆಯಲ್ಲಿ ಬಹುಕಾಲ ಗಣಿತವನ್ನು ಬೋಧಿಸಿದ ಮಿತ್ರರೊಬ್ಬರಿಗೆ ಇಂತಹ ಶಸ್ತ್ರಕ್ರಿಯೆಯು ನಡೆದಿದ್ದಿತು. ಚೀಲವಿಲ್ಲದೆ ಮನೆಗೆ ಬಂದುದಕ್ಕಾಗಿ ಅವರ ಮಕ್ಕಳು ದೇವರಿಗೆ ಹಣ್ಣುಕಾಯಿ ಮಾಡಿಸಿದರು. ಕೆಲವು ತಿಂಗಳ ತರುವಾಯ ನಾವು ನೋಡಹೋದಾಗ ಅವರು ಒಂದು ಚಿಕ್ಕ ನೋಟುಬುಕ್ಕನ್ನು ತೆಗೆದು ನಮ್ಮ ಮುಂದಿಟ್ಟರು. ಗಣಿತದವರಲ್ಲವೇ! ದಿನಂಪ್ರತಿ ಎಷ್ಟು ಸಲ, ಯಾವ ಗಂಟೆಗೆ ಎಂದು ಬರೆದಿಟ್ಟಿದ್ದರು. ಒಂದು ದಿನದ ಮುಂದೆ 14 ಎಂದಿದ್ದಿತು; ಅದರಲ್ಲಿ ಆರು ಬೆಳಿಗ್ಗೆ ಏಳರಿಂದ ಎಂಟರೊಳಗೆ. “ಪಂಡಿತರೇ, ಕ್ಯಾನ್ಸರು ಹೋಯಿತು, ಅದರ ಸಂಗಡ ಬಸ್ಸೂ ಹೋಯಿತು” ಎಂದು ನಕ್ಕರು. ಮೊಮ್ಮಗಳ ಮದುವೆಗೆ ಶಿವಮೊಗ್ಗೆಗೆ ಹೋಗುವುದನ್ನು ಅವರು ಬಿಟ್ಟದ್ದು ಕಾಲುನೋವಿನಿಂದ ಎಂದು ನೆಂಟರು ಇಂದಿಗೂ ತಿಳಿದಿರುವರು. ತಮಗೆ ಹೀಗಾಗುವುದೆಂದು ಆಸ್ಪತ್ರೆಯಲ್ಲಿ ಯಾರೂ ಮುಂಚಿತವಾಗಿ ಹೇಳಿರಲಿಲ್ಲವೆಂಬುದೇ ಅವರ ಕೊರಗು. ಇಂತಹ ಅವಸ್ಥೆಗೆ ಹೆಸರಿರುವುದೆಂದೂ, ಚಿಕಿತ್ಸೆಯಿರುವುದೆಂದೂ ಅವರಿಗೆ ತಿಳಿದದ್ದು ಎರಡು ವರ್ಷಗಳ ಮೇಲೆ.

ಆ ಹೆಸರು ಲಾರ್ಸ್. ಮಲಾಶಯದ ಕೆಳಭಾಗವನ್ನು ತೆಗೆದ ಮೇಲೆ ಕಾಣುವ ಲಕ್ಷಣಸಮೂಹಕ್ಕೆ ಇಂಗ್ಲಿಷಿನಲ್ಲಿರುವ ದೀರ್ಘನಾಮದ ಮೊದಲಕ್ಷರಗಳವು. ಡೆನ್ಮಾರ್ಕಿನ ಎಮರ್ಟ್‌ಸನ್ ಮತ್ತು ಲೌರ್‌ಬರ್ಗ್ ಎಂಬ ವೈದ್ಯರು 2012ರಲ್ಲಿ ಇದನ್ನು ಅಳೆಯಲು ಐದೇ ಪ್ರಶ್ನೆಗಳ ಒಂದು ಪತ್ರಿಕೆಯನ್ನು ರಚಿಸಿದರು. ವಾಯುವನ್ನು ತಡೆಯಲಾಗದೆ ಹೋಗುವುದುಂಟೇ? ನೀರಾದ ಮಲವು ತಿಳಿಯದೆ ಸೋರುವುದುಂಟೇ? ದಿನಕ್ಕೆ ಎಷ್ಟು ಸಲ? ಒಮ್ಮೆ ಹೋಗಿ ಬಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದೇ? ಓಡಿಹೋಗಬೇಕಾದಷ್ಟು ಅವಸರವಾಗುವುದೇ? ಉತ್ತರಗಳಿಗೆ ಒಟ್ಟು 42 ಅಂಕಗಳು. 20ರವರೆಗೆ ಬಂದರೆ ತೊಂದರೆಯಿಲ್ಲ, 30 ಮುಟ್ಟಿದರೆ ತೀವ್ರವೆಂದರ್ಥ. ಜೀವಮಾನವೆಲ್ಲ ಪ್ರಶ್ನೆಪತ್ರಿಕೆಗಳನ್ನು ಬರೆದ ನಮಗೆ ಇದರಲ್ಲೊಂದು ವಿಶೇಷವು ಕಂಡಿತು. ಅಂಕಗಳು ವೈದ್ಯನ ದೃಷ್ಟಿಯ ತೂಕದಿಂದಲ್ಲ, ಯಾವ ತೊಂದರೆಯು ರೋಗಿಯ ಬಾಳನ್ನು ಎಷ್ಟು ಕೆಡಿಸುವುದೆಂದು ರೋಗಿಗಳೇ ಹೇಳಿದ ತೂಕದಿಂದ ಹಂಚಲ್ಪಟ್ಟಿವೆ. ಹೀಗೆ ಕೇಳಿನೋಡಿದಾಗ ತಿಳಿದುಬಂದ ಸಂಗತಿಯು ಸಾಮಾನ್ಯವಾದದ್ದಲ್ಲ: ದ್ವಾರವನ್ನು ಉಳಿಸಿಕೊಂಡ ನೂರು ಮಂದಿಯಲ್ಲಿ ಸುಮಾರು ನಲವತ್ತು ಮಂದಿಗೆ ತೀವ್ರವಾದ ಲಾರ್ಸ್ ಇರುವುದು. ಅದು ಕಾಲಕ್ರಮದಲ್ಲಿ ತಾನೇ ಹೋಗುವುದೆಂಬ ಸಮಾಧಾನವೂ ಪೂರ್ತಿಯಾಗಿ ನಿಲ್ಲಲಿಲ್ಲ. ಹಾಲೆಂಡಿನ ಆ ಪರೀಕ್ಷೆಯಲ್ಲಿದ್ದವರನ್ನೇ ಸುಮಾರು ಹದಿನಾಲ್ಕು ವರ್ಷಗಳ ಮೇಲೆ ಮತ್ತೆ ಕೇಳಿದಾಗ, ವಿಕಿರಣ ಪಡೆದವರಲ್ಲಿ ನೂರಕ್ಕೆ 56, ಪಡೆಯದವರಲ್ಲಿ 35 ಮಂದಿ ತೀವ್ರ ತೊಂದರೆಯಲ್ಲಿಯೇ ಇದ್ದರು. ರೋಗದ ಮರುಕಳಿಕೆಯನ್ನು ತಡೆದ ವಿಕಿರಣವೇ ಕಾವಲುಗಾರರನ್ನು ದುರ್ಬಲಗೊಳಿಸಿದ್ದಿತು. ಗಡ್ಡೆಯು ಗುದದ್ವಾರಕ್ಕೆ ಸಮೀಪವಾದಷ್ಟೂ ಈ ಭಯ ಹೆಚ್ಚು.

ಕೂಡಿಸಿದ ಹೊಲಿಗೆಯು ಸೋರುವ ಅಪಾಯವೊಂದು ಬೇರೆ ಇದೆ. ಸೋರಿದರೆ ಒಳಗೆ ಕೀವಾಗಿ ಪ್ರಾಣಕ್ಕೇ ಸಂಚಕಾರ. ಆದುದರಿಂದ ಕೆಳಮಟ್ಟದ ಹೊಲಿಗೆಗಳಲ್ಲಿ ಹೆಚ್ಚಾಗಿ ಸಣ್ಣಕರುಳನ್ನು ಹೊಟ್ಟೆಯ ಬಲಭಾಗಕ್ಕೆ ತಂದು ತಾತ್ಕಾಲಿಕವಾಗಿ ಒಂದು ಸ್ಟೋಮಾ ಮಾಡಿ, ಹೊಲಿಗೆಗೆ ವಿಶ್ರಾಂತಿಯನ್ನು ಕೊಡುವರು. ಸ್ವೀಡನ್ನಿನ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೀಗೆ ಮಾಡಿದವರಲ್ಲಿ ನೂರಕ್ಕೆ 10 ಮಂದಿಗೂ, ಮಾಡದವರಲ್ಲಿ 28 ಮಂದಿಗೂ ಸೋರಿಕೆಯ ಲಕ್ಷಣಗಳು ಕಂಡವು. ಕೆಲವು ತಿಂಗಳಲ್ಲಿ ಇದನ್ನು ಮುಚ್ಚುವುದು ವಾಡಿಕೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ‘ತಾತ್ಕಾಲಿಕ’ವೆಂಬುದು ಶಾಶ್ವತವಾಗಿಬಿಡುವುದೆಂಬುದನ್ನು ಮನೆಯವರು ಮೊದಲೇ ತಿಳಿದಿರುವುದು ಒಳ್ಳೆಯದು. ಸಣ್ಣಕರುಳಿನ ಸ್ಟೋಮಾದಿಂದ ನೀರೂ ಉಪ್ಪೂ ಬಹಳ ಹೊರಟುಹೋಗುವುದರಿಂದ, ಬೇಸಗೆಯಲ್ಲಿ ರೋಗಿಯು ಬರಿಯ ನೀರನ್ನು ಕುಡಿದರೆ ಸಾಲದು. ಉಪ್ಪು ಸಕ್ಕರೆ ಬೆರೆತ ಜೀವಜಲವು ಬೇಕಾಗುವುದು.

ಹಾಗಾದರೆ ಶಾಶ್ವತವಾದ ಚೀಲವೇ ಮೇಲೆಂದು ನಾವು ಹೇಳುತ್ತಿಲ್ಲ. ಆದರೆ ಅದು ಮರಣಕ್ಕೆ ಸಮಾನವೆಂದು ಭಾವಿಸುವುದು ಸತ್ಯಕ್ಕೆ ದೂರ. ದ್ವಾರ ಉಳಿದವರ ಮತ್ತು ಶಾಶ್ವತ ಸ್ಟೋಮಾ ಇರುವವರ ಬಾಳಿನ ಸುಖವನ್ನು ಹೋಲಿಸಿದ ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆಯು 2005ರಲ್ಲಿಯೂ ಪುನಃ 2012ರಲ್ಲಿಯೂ ಒಟ್ಟುಗೂಡಿಸಿ ನೋಡಿತು. ದ್ವಾರ ಉಳಿದವರೇ ಹೆಚ್ಚು ಸುಖಿಗಳೆಂದು ನಿಶ್ಚಯವಾಗಿ ಹೇಳಲು ಆಧಾರ ಸಿಗಲಿಲ್ಲ. ಪ್ರಸವದಲ್ಲಿ ಸ್ನಾಯು ಹರಿದ ಹೆಂಗಸರು, ಮೊದಲೇ ಬಿಗಿ ಸಡಿಲಿದ ವೃದ್ಧರು, ಕೋಲೂರಿ ನಡೆಯುವವರು, ಶೌಚಗೃಹವು ಹಿತ್ತಿಲಾಚೆ ಇರುವ ಹಳ್ಳಿಯ ಮನೆಯವರು, ಇಂತಹವರಿಗೆ ದಿನಕ್ಕೆ ಹತ್ತು ಸಲ ಓಡುವುದಕ್ಕಿಂತ ಒಂದೆರಡು ಸಲ ಚೀಲವನ್ನು ಬರಿದುಮಾಡುವುದು ಸುಲಭವಾಗಬಹುದು. ಹೊಲದ ಕೆಲಸವನ್ನೂ ಪ್ರಯಾಣವನ್ನೂ ಚೀಲವಿಟ್ಟುಕೊಂಡೇ ಮಾಡುವವರಿದ್ದಾರೆ. ಬಟ್ಟೆಯ ಮೇಲೆ ಅದು ಕಾಣುವುದೂ ಇಲ್ಲ.

ಮಡಿಯ ಮಾತೊಂದು ಉಳಿಯಿತು. ಸ್ಟೋಮಾ ಇರುವವರು ದೇವರ ಕೋಣೆಗೆ ಹೋಗಬಹುದೇ, ಶ್ರಾದ್ಧವನ್ನು ಮಾಡಬಹುದೇ ಎಂದು ಇಬ್ಬರು ಮೂವರು ನಮ್ಮನ್ನು ಗುಟ್ಟಾಗಿ ಕೇಳಿದ್ದುಂಟು. ಶರೀರವನ್ನು ಒಂಬತ್ತು ಬಾಗಿಲುಗಳ ಪುರವೆಂದು ನಮ್ಮ ಶಾಸ್ತ್ರಗಳು ಕರೆಯುವುವು. ಅದರಲ್ಲಿ ಒಂದು ಬಾಗಿಲನ್ನು ವೈದ್ಯನು ಬೇರೆ ಗೋಡೆಗೆ ಸರಿಸಿರುವನು, ಅಷ್ಟೆ. ಎಲ್ಲರ ಒಡಲಿನೊಳಗೂ ಇರುವ ವಸ್ತುವೇ ಅವರ ಚೀಲದಲ್ಲಿರುವುದು. ಸ್ನಾನಮಾಡಿ ಶುಚಿಯಾದ ಚೀಲವನ್ನು ಧರಿಸಿ ಕುಳಿತವನಿಗೆ ಯಾವ ಕರ್ಮದಲ್ಲಿಯೂ ಅಧಿಕಾರ ತಪ್ಪಲಾರದೆಂಬುದು ನಮ್ಮ ಮತ. ಒಪ್ಪದ ಶಾಸ್ತ್ರಿಗಳಿದ್ದರೆ ವಾದಕ್ಕೆ ಬರಲಿ.

ನಮಗೆ ಹೆಚ್ಚು ವ್ಯಥೆಯನ್ನುಂಟುಮಾಡುವುದು ಬೇರೆ. ನಮ್ಮ ಮನೆಗಳಲ್ಲಿ ರೋಗದ ಹೆಸರನ್ನೇ ರೋಗಿಗೆ ಹೇಳಗೊಡುವುದಿಲ್ಲ. “ಅಪ್ಪನಿಗೆ ಗೊತ್ತಾಗುವುದು ಬೇಡ ಡಾಕ್ಟರೇ, ಚೀಲ ಮಾತ್ರ ಬೇಡವೇ ಬೇಡ” ಎಂದು ಮಕ್ಕಳು ಹೊರಗಿನ ಬೆಂಚಿನ ಬಳಿ ತೀರ್ಮಾನ ಮಾಡಿಬಿಡುವರು. ಚೀಲವನ್ನು ಹೊರಬೇಕಾದವನೂ, ಶೌಚಗೃಹಕ್ಕೆ ಓಡಬೇಕಾದವನೂ ಒಳಗೆ ಮಲಗಿರುವ ಅಪ್ಪ. ಅವನ ಇಷ್ಟವನ್ನು ಕೇಳಿದವರಿಲ್ಲ. ಸೊಸೆಯ ಎದುರಿಗೆ ಬಟ್ಟೆ ಕೆಡುವ ಭಯವು ಕೆಲವರಿಗೆ ಮರಣಭಯಕ್ಕಿಂತ ದೊಡ್ಡದು. ಇನ್ನು ಕೆಲವರಿಗೆ ಹೊಟ್ಟೆಯ ಮೇಲಿನ ಆ ಕೆಂಪು ಬಾಯಿಯನ್ನು ದಿನವೂ ನೋಡುವುದೇ ಅಸಹ್ಯ. ಇದರಲ್ಲಿ ತೂಕ ಮಾಡಬಲ್ಲವನು ಒಬ್ಬನೇ. ಗಡ್ಡೆಯು ದ್ವಾರದಿಂದ ಎಷ್ಟು ಸೆಂಟಿಮೀಟರು ದೂರದಲ್ಲಿದೆ, ಸ್ನಾಯುವನ್ನು ಮುಟ್ಟಿದೆಯೇ, ಈಗ ಬಿಗಿ ಹೇಗಿದೆ, ವಿಕಿರಣವು ಅಗತ್ಯವೇ, ತಾತ್ಕಾಲಿಕ ಸ್ಟೋಮಾ ಎಷ್ಟು ದಿನ, ಒಂದು ವರ್ಷದ ಮೇಲೆ ದಿನಕ್ಕೆ ಎಷ್ಟು ಸಲ ಹೋಗಬೇಕಾದೀತು ಎಂಬಿವನ್ನು ವೈದ್ಯರಿಂದ ಅವನ ಎದುರಿಗೇ ಕೇಳಿ ತಿಳಿಯಬೇಕು. ವಿಕಿರಣದಿಂದ ಸಂತಾನಶಕ್ತಿಗೆ ಕುಂದುಂಟಾಗುವುದರಿಂದ, ಮಕ್ಕಳನ್ನು ಬಯಸುವ ಪ್ರಾಯದವರು ಆ ಮಾತನ್ನೂ ಮೊದಲೇ ಎತ್ತಬೇಕು. ನಮ್ಮ ದೇಶದಲ್ಲಿ ನಲವತ್ತರೊಳಗಿನವರಲ್ಲಿಯೂ ಈ ರೋಗವು ಅಪರೂಪವಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ ಕಡೆಗಳಲ್ಲಿ ಶಸ್ತ್ರವೈದ್ಯರೂ ವಿಕಿರಣವೈದ್ಯರೂ ಒಂದೆಡೆ ಸಿಗುವುದರಿಂದ ಇಂತಹ ವಿಚಾರವು ಸುಲಭವಾಗುವುದು.

ತೊಂದರೆಯು ಬಂದವರಿಗೆ ಉಪಾಯಗಳಿಲ್ಲದೆ ಇಲ್ಲ. ಮಲವನ್ನು ಗಟ್ಟಿಮಾಡುವ ಇಸಬ್‌ಗೋಲ್, ಕರುಳಿನ ಓಟವನ್ನು ತಗ್ಗಿಸುವ ಲೋಪೆರಮೈಡ್ ಎಂಬ ಮಾತ್ರೆ, ಇವೆರಡನ್ನು ವೈದ್ಯರ ಅಳತೆಯಂತೆ ತೆಗೆದುಕೊಂಡರೆ ಅನೇಕರಿಗೆ ಗುಣ ಕಾಣುವುದು. ಗುದದ್ವಾರವನ್ನು ಬಿಗಿದು ಬಿಡುವ ವ್ಯಾಯಾಮವನ್ನು ತಿಳಿದವರ ಮುಂದೆ ಕಲಿತು ತಿಂಗಳುಗಟ್ಟಲೆ ಮಾಡಬೇಕು; ಎರಡು ದಿನ ಮಾಡಿ ಬಿಟ್ಟರೆ ಫಲವಿಲ್ಲ. ಬೆಳಗಿನ ಕಾಫಿಯು ಕರುಳನ್ನು ಎಬ್ಬಿಸುವುದೆಂಬುದು ಕಾಫಿ ಕುಡಿಯುವ ಎಲ್ಲರಿಗೂ ಗೊತ್ತು. ಹೊರಗೆ ಹೊರಡುವ ದಿನ ಅದನ್ನು ತಡೆಯುವುದು ಜಾಣತನ. ಮೆತ್ತಗಿನ ಅನ್ನ, ಬಾಳೆಹಣ್ಣು ಹೊಂದುವುವು. ಖಾರ, ಹಸಿ ಈರುಳ್ಳಿ, ಕಾಳಿನ ಉಸಲಿ ಹಲವರಿಗೆ ಹೊಂದವು. ಇವುಗಳಿಂದಲೂ ಆಗದಿದ್ದರೆ ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಗುದದಿಂದ ಬೆಚ್ಚಗಿನ ನೀರನ್ನು ಏರಿಸಿ ಕರುಳನ್ನು ಬರಿದುಮಾಡಿಕೊಳ್ಳುವ ಕ್ರಮವುಂಟು. ನಮ್ಮ ಬಸ್ತಿಯ ಹತ್ತಿರದ ಸಂಬಂಧಿ. ಆದರೆ ಹೊಸ ಹೊಲಿಗೆಯಿರುವ ಕರುಳಿಗೆ ಇದನ್ನು ವೈದ್ಯರ ಅಪ್ಪಣೆಯಿಲ್ಲದೆ ಮಾಡಬಾರದು. ಶಸ್ತ್ರಕ್ರಿಯೆಯಲ್ಲಿಯೇ ಕರುಳನ್ನು ಕೊಕ್ಕೆಯಂತೆ ಮಡಿಚಿ ಐದಾರು ಸೆಂಟಿಮೀಟರಿನ ಸಣ್ಣ ಕಣಜವನ್ನು ಹೊಲಿಯುವ ಉಪಾಯವನ್ನು 1986ರಲ್ಲಿ ಫ್ರಾನ್ಸಿನ ಎರಡು ತಂಡಗಳು ಬೇರೆಬೇರೆಯಾಗಿ ಹೇಳಿದವು. ಮೊದಲ ಒಂದೆರಡು ವರ್ಷ ಅದರಿಂದ ಸುಖವುಂಟು, ಆಮೇಲೆ ಭೇದವು ಕಡಿಮೆಯಾಗುವುದು. ನಮ್ಮ ಗಣಿತದ ಮಿತ್ರರು ಮಾತ್ರೆಯಿಂದಲೂ ವ್ಯಾಯಾಮದಿಂದಲೂ ತಮ್ಮ ಹದಿನಾಲ್ಕನ್ನು ಐದಕ್ಕೆ ಇಳಿಸಿಕೊಂಡರು. ಮದುವೆಯಂತೂ ಮುಗಿದುಹೋಗಿದ್ದಿತು.

ಈಚೆಗೆ ಇನ್ನೊಂದು ದಾರಿಯು ತೆರೆದಿದೆ. ವಿಕಿರಣ ಮತ್ತು ಔಷಧಗಳಿಂದಲೇ ಕೆಲವರ ಗಡ್ಡೆಯು ಪೂರ್ತಿಯಾಗಿ ಕರಗಿಹೋಗುವುದನ್ನು ಕಂಡ ಬ್ರೆಜಿಲಿನ ಸಾವೊ ಪೌಲೊ ನಗರದ ಆಂಜೆಲಿಟಾ ಹಾಬರ್ ಗಾಮಾ ಎಂಬ ಮಹಿಳಾ ಶಸ್ತ್ರವೈದ್ಯರು, ಅಂತಹವರನ್ನು ಕೊಯ್ಯದೆ ಕಾದು ನೋಡುತ್ತ ಬಂದು, 2004ರಲ್ಲಿ 71 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಆಗ ಬಹುಮಂದಿ ನಂಬಲಿಲ್ಲ. 2022ರಲ್ಲಿ ಅಮೆರಿಕದ ಪರೀಕ್ಷೆಯೊಂದರಲ್ಲಿ, ಮೊದಲು ವಿಕಿರಣ, ತರುವಾಯ ಔಷಧಗಳು ಎಂಬ ಕ್ರಮದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಅರ್ಧದಷ್ಟು ಜನಕ್ಕೆ ಮೂರು ವರ್ಷಗಳ ಮೇಲೆಯೂ ಮಲಾಶಯವನ್ನು ತೆಗೆಯುವ ಅಗತ್ಯವು ಬೀಳಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಿಂದ ಬಂದ ವರದಿಯು ಇನ್ನೂ ಆಶ್ಚರ್ಯಕರವಾದದ್ದು: ಡೊಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ಆರು ತಿಂಗಳು ಪಡೆದು ಮುಗಿಸಿದ 12 ಮಂದಿಯಲ್ಲಿ 12 ಮಂದಿಗೂ ಗಡ್ಡೆಯು ಮಾಯವಾಯಿತು, ಕತ್ತಿಯೂ ಇಲ್ಲ, ವಿಕಿರಣವೂ ಇಲ್ಲ. ಆದರೆ ಜೀವಕೋಶಗಳಲ್ಲಿ ಒಂದು ವಿಶೇಷ ದೋಷವಿರುವ ಗಡ್ಡೆಗಳಿಗೆ ಮಾತ್ರ ಈ ಔಷಧವು ಹಿಡಿಯುವುದು. ಮಲಾಶಯದ ಕ್ಯಾನ್ಸರುಗಳಲ್ಲಿ ಅಂತಹವು ನೂರಕ್ಕೆ ಐದರಿಂದ ಹತ್ತನ್ನು ಮೀರವು. ಔಷಧದ ಬೆಲೆಯೂ ಬಹಳ. ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳುಹಿಸುವಾಗಲೇ ಈ ದೋಷವಿದೆಯೇ ಎಂದು ನೋಡಿಸಿಕೊಳ್ಳಬಹುದು. ಕರಗಿತೆಂದು ಮನೆಗೆ ಹೋಗಿ ಮರೆತುಬಿಡುವಂತೆಯೂ ಇಲ್ಲ. ಮತ್ತೆ ಚಿಗುರುವ ಗಡ್ಡೆಗಳಲ್ಲಿ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿಯೇ ಚಿಗುರುವುದರಿಂದ, ಅಷ್ಟು ಕಾಲ ಮೂರು ನಾಲ್ಕು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ, ಬೆರಳಿನ ಪರೀಕ್ಷೆಯನ್ನೂ ನಾಳದಿಂದ ನೋಡುವ ಪರೀಕ್ಷೆಯನ್ನೂ ತಪ್ಪದೆ ಮಾಡಿಸಿಕೊಳ್ಳಬೇಕು.